ಕುದ್ರು ಸುತ್ತಲು ನಾಲ್ಕು ಬ್ಯಾಗು

ಹೊಟ್ಟೆಯಿಂದ ಇಳಿದ ನೀರು ತಿಳಿಯಾಗಿರಬೇಕು. ತುಂಬಿದ ಬ್ಯಾಗಿನ ಕೆಳಗೆ ದಿನಪತ್ರಿಕೆ ಇಟ್ಟರೆ ಸಣ್ಣಕ್ಷರವೂ ಓದಲು ಬರಬೇಕು. ಆಗಸ್ಟಿನ ಒಂದು ಬೆಳಿಗ್ಗೆ ಅಂಕಲ್ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದ ಬ್ಯಾಗನ್ನು ನಾನು ಪತ್ರಿಕೆಯ ಮೇಲಿಟ್ಟೆ. ದಪ್ಪಕ್ಷರದ ಶೀರ್ಷಿಕೆಯೂ ಕಾಣಲಿಲ್ಲ. ಅಕ್ಕಿ ತೊಳೆದ ನೀರಿನ ಹಾಗಿತ್ತು. ಆಂಟಿ ನನ್ನ ಮುಖವನ್ನೇ ನೋಡುತ್ತಿದ್ದರು. ಎರಡು ತಿಂಗಳಲ್ಲಿ ಇದು ಎರಡನೆಯ ಸಲ.

ತೊಂಬತ್ತರ ದಶಕದ ಕೊನೆಯ ಮಾತು. ಪಶ್ಚಿಮ ಲಂಡನ್ನಿನ ಒಂದು ಆಸ್ಪತ್ರೆಯ ಕಿಡ್ನಿ ವಿಭಾಗದಲ್ಲಿ ನಾನು ನರ್ಸು. ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುವುದನ್ನು ರೋಗಿಗಳಿಗೆ, ಅವರ ಮನೆಯವರಿಗೆ ಕಲಿಸುವುದು ನನ್ನ ಕೆಲಸ. ಹೊಕ್ಕುಳಿನ ಪಕ್ಕ ಒಂದು ಮೆತ್ತನೆಯ ಕೊಳವೆ ಹಾಕಿರುತ್ತಾರೆ. ದಿನಕ್ಕೆ ನಾಲ್ಕು ಸಲ ಅದಕ್ಕೆ ಬ್ಯಾಗ್ ಜೋಡಿಸಿ, ಹೊಟ್ಟೆಯೊಳಗಿನ ಹಳೆಯ ನೀರನ್ನು ನೆಲದ ಮೇಲಿನ ಖಾಲಿ ಬ್ಯಾಗಿಗೆ ಇಳಿಸಿ, ಮೇಲೆ ಕೊಕ್ಕೆಗೆ ತೂಗುಹಾಕಿದ ಬ್ಯಾಗಿನಿಂದ ಎರಡು ಲೀಟರ್ ಹೊಸ ದ್ರಾವಣ ತುಂಬಬೇಕು. ಅರ್ಧ ಗಂಟೆಯ ಕೆಲಸ. ಎಲ್ಲವೂ ನಿಂತಿರುವುದು ಕೊಳವೆಯೂ ಬ್ಯಾಗೂ ಸೇರುವ ಆ ಒಂದು ತುದಿಯ ಮೇಲೆ. ಕಿಟಕಿ ಮುಚ್ಚಿರಬೇಕು, ಫ್ಯಾನ್ ಆರಿಸಿರಬೇಕು, ಕೈ ತೊಳೆದು ಒರೆಸಿಕೊಂಡ ಮೇಲೆ ಬೇರೇನನ್ನೂ ಮುಟ್ಟಬಾರದು. ತಪ್ಪಿದರೆ ಕೀಟಾಣು ನೇರ ಹೊಟ್ಟೆಗೆ, ಇಳಿಯುವ ನೀರು ಮಬ್ಬು.

ಈ ವಿಷಯದಲ್ಲಿ ನಾನು ಮಹಾ ಕಟ್ಟುನಿಟ್ಟು. ನನ್ನ ಬೆನ್ನ ಹಿಂದೆ ರೋಗಿಗಳು ಹೆಡ್‌ಮಾಸ್ತರ್ ಎನ್ನುತ್ತಿದ್ದದ್ದು ನನಗೆ ಗೊತ್ತಿತ್ತು. ಬೇಸರವೇನೂ ಇರಲಿಲ್ಲ, ನಿಜ ಹೇಳಬೇಕೆಂದರೆ ಸ್ವಲ್ಪ ಜಂಬವೇ ಇತ್ತು.

ಅಂಕಲ್, ಆಂಟಿ ನನ್ನ ಮೆಚ್ಚಿನ ವಿದ್ಯಾರ್ಥಿಗಳು. ಗಂಗೊಳ್ಳಿ ಕಡೆಯ ಕ್ರೈಸ್ತರು, ಮನೆಮಾತು ಕೊಂಕಣಿ. ನಾನೂ ಕ್ರೈಸ್ತಳೇ, ಆದರೆ ಮೈಸೂರಿನವಳು, ನನಗೆ ಕೊಂಕಣಿ ಬಾರದು. ಹಾಗಾಗಿ ನಮ್ಮ ಮೂವರ ವ್ಯವಹಾರವೆಲ್ಲ ಕನ್ನಡದಲ್ಲಿ. ಆಸ್ಪತ್ರೆಗೆ ಹತ್ತಿರದ ಹೇಸ್‌ನ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅಂಕಲ್‌ಗೆ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸೋತು ಕಣ್ಣೂ ಮಂಜಾಗಿತ್ತು, ಬೆರಳ ತುದಿಗಳಲ್ಲಿ ಸ್ಪರ್ಶವಿರಲಿಲ್ಲ. ಬ್ಯಾಗ್ ಜೋಡಿಸುವ ಕೆಲಸ ಆಂಟಿಯದೇ. ಹತ್ತು ದಿನ ಬೇಕಾಗುವ ಪಾಠವನ್ನು ಅವರು ಐದೇ ದಿನಕ್ಕೆ ಕಲಿತರು. ಮೀನು ಹೆಚ್ಚಿ, ರೊಟ್ಟಿ ತಟ್ಟಿ ಪಳಗಿದ ಆ ಕೈಗಳಿಗೆ ನಡುಕವೆಂಬುದೇ ಇರಲಿಲ್ಲ.

ತರಬೇತಿಯ ಮೊದಲ ದಿನ ಎಲ್ಲರಿಗೂ ಒಂದು ಪ್ರಶ್ನೆ ಕೇಳುತ್ತೇನೆ: ಈ ಚಿಕಿತ್ಸೆಯಿಂದ ನಿಮಗೆ ಏನಾಗಬೇಕು? ಮೊಮ್ಮಗಳ ಮದುವೆ ನೋಡಬೇಕು, ತೋಟದ ಕೆಲಸ ಮಾಡಬೇಕು ಎನ್ನುವವರೇ ಹೆಚ್ಚು.

"ನನಗೆ ಒಂದು ದಿನ ಬೇಕು ಸಿಸ್ಟರ್," ಅಂದರು ಅಂಕಲ್. "ಬೆಳಿಗ್ಗೆಯಿಂದ ಸಂಜೆವರೆಗೆ. ದೋಣಿಯಲ್ಲಿ."

ಗಂಗೊಳ್ಳಿಯ ಹತ್ತಿರ ಐದು ಹೊಳೆಗಳು ಒಂದಕ್ಕೊಂದು ಕೂಡಿ ಸಮುದ್ರ ಸೇರುತ್ತವೆ. ಅಲ್ಲಿ ನೀರಿನ ನಡುವೆ ತೆಂಗು ತುಂಬಿದ ದ್ವೀಪಗಳಿವೆ, ಕುದ್ರು ಎನ್ನುತ್ತಾರೆ. ಆಂಟಿ ಹುಟ್ಟಿದ್ದು ಅಂಥ ಒಂದು ಕುದ್ರುವಿನಲ್ಲಿ.

"ಮದುವೆ ದಿನ ಇವಳನ್ನು ದೋಣಿಯಲ್ಲಿ ಕರ್ಕೊಂಡು ಬರುವಾಗ ನೀರು ಇಳೀತಾ ಇತ್ತು. ಪೂರ್ತಿ ಇಳಿದ್ರೆ ದೋಣಿ ಕೆಸರಲ್ಲಿ ಕೂತುಬಿಡ್ತದೆ. ಬೇಗ ಬೇಗ ಅಂತ ಹುಟ್ಟು ಹಾಕಿದ್ದೇ ಹಾಕಿದ್ದು. ಇವಳು ಅಳ್ತಾ ಮನೆ ಕಡೆ ತಿರುಗಿದ್ಲು. ದೋಣಿ ಅಲುಗ್ತದೆ, ಮುಂದೆ ನೋಡು ಅಂತ ಬೈದೆ ನಾನು. ಹೊಸ ಹೆಂಡತಿಗೆ ನಾನು ಹೇಳಿದ ಮೊದಲ ಮಾತು ಅದು." ಅಂಕಲ್ ಮಂಜುಗಣ್ಣನ್ನು ಕರವಸ್ತ್ರದಿಂದ ಒತ್ತಿಕೊಂಡರು. "ಆಮೇಲೆ ಪಾಪ ಅನ್ನಿಸಿತು. ಇನ್ನೊಮ್ಮೆ ಬರುವ, ಆರಾಮಲ್ಲಿ ಎಲ್ಲ ಕುದ್ರು ಸುತ್ತಿಸ್ತೇನೆ ಅಂದೆ. ಮರುವಾರ ಬೊಂಬಾಯಿ, ಮತ್ತೆ ಇಲ್ಲಿ. ರಜೆಯಲ್ಲಿ ಹೋದ್ರೆ ಅವರ ಮದುವೆ, ಇವರ ಸಾವು, ಬೊಜ್ಜ, ಅದೇ ಆಯ್ತು. ಮೂವತ್ತೆಂಟು ವರ್ಷ ಆಯ್ತು ಸಿಸ್ಟರ್."

"ಇವರಿಗೆ ಅದೊಂದು ಮರುಳು. ನಾನು ಕೇಳಿದ್ದುಂಟಾ?" ಎಂದರು ಆಂಟಿ. ಕೈಯಲ್ಲಿದ್ದ ಟವೆಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು.

ಆಗಬಹುದಾದ ಮಾತೇ. ಬ್ಯಾಗಿನ ಡಯಾಲಿಸಿಸ್ಸಿನ ಗುಣವೇ ಅದು, ಯಂತ್ರ ಬೇಡ, ಕರೆಂಟು ಬೇಡ, ಎಲ್ಲಿ ಕೂತರೆ ಅಲ್ಲೇ ಆಸ್ಪತ್ರೆ. ಮೂರು ತಿಂಗಳು ಮುಂಚೆ ಹೇಳಿದರೆ ದ್ರಾವಣದ ಕಂಪನಿಯವರು ಮಂಗಳೂರಿಗೇ ಪೆಟ್ಟಿಗೆಗಳನ್ನು ತಲುಪಿಸುತ್ತಿದ್ದರು. ಡಿಸೆಂಬರಿಗೆ ಟಿಕೆಟ್ಟೂ ಆಯಿತು. ಅಷ್ಟರಲ್ಲಿ ಜೂನಿನಲ್ಲಿ ಮೊದಲ ಮಬ್ಬು ಬ್ಯಾಗ್. ಮೂರು ವಾರ ಬ್ಯಾಗಿಗೇ ಆಂಟಿಬಯಾಟಿಕ್ ಸೇರಿಸಿ ಗುಣಪಡಿಸಿದೆವು. ಆಂಟಿಗೆ ಮತ್ತೆ ಮೊದಲಿನಿಂದ ಪಾಠ ಮಾಡಿದೆ. ಒಂದು ತಪ್ಪೂ ಸಿಗಲಿಲ್ಲ. ಆಗಸ್ಟಿನಲ್ಲಿ ಎರಡನೆಯದು.

"ಅದೇ ಕೀಟಾಣು," ಅಂದರು ನಮ್ಮ ಕನ್ಸಲ್ಟೆಂಟ್, ಲ್ಯಾಬಿನ ವರದಿ ನೋಡಿ. "ನಿಂತ ನೀರಿನಲ್ಲಿ ಬೆಳೆಯುವ ಜಾತಿ. ಹಟಮಾರಿ. ಮೂರನೆಯ ಸಲ ಬಂದರೆ ಕೊಳವೆ ತೆಗೆಯುವುದೇ."

ಕೊಳವೆ ತೆಗೆದರೆ ವಾರಕ್ಕೆ ಮೂರು ದಿನ ಆಸ್ಪತ್ರೆಯ ಯಂತ್ರದ ಪಕ್ಕ ಮಲಗಬೇಕು. ಅವರ ಊರಿನ ಸುತ್ತಮುತ್ತ ಅಂಥ ಯಂತ್ರದ ಏರ್ಪಾಡು ನಾನು ಹುಡುಕಿದರೂ ಸಿಕ್ಕಿರಲಿಲ್ಲ. ದೋಣಿಯ ಮಾತು ಅಲ್ಲಿಗೆ ಮುಗಿಯುತ್ತದೆ.

ನಾನು ಫೋನ್ ಮಾಡಿ ಪೊಲೀಸರ ಹಾಗೆ ವಿಚಾರಿಸಿದೆ. ಅಕ್ವೇರಿಯಂ ಇದೆಯಾ? ಹೂದಾನಿ? ನಲ್ಲಿಗೆ ರಬ್ಬರ್ ಪೈಪ್ ಹಾಕಿದ್ದೀರಾ? ಎಲ್ಲಕ್ಕೂ ಇಲ್ಲ ಎಂದಾಗ ಸಿಟ್ಟು ಬಂತು. "ಎಲ್ಲೋ ಅಡ್ಡದಾರಿ ಹಿಡೀತಿದೀರ ಆಂಟಿ, ಕೈ ಸರಿಯಾಗಿ ತೊಳೀತಿಲ್ಲ ನೀವು," ಎಂದುಬಿಟ್ಟೆ. ಆ ಮಾತಿಗೆ ನನಗೆ ಇಂದಿಗೂ ನಾಚಿಕೆಯಿದೆ.

ಮನೆಗೆ ಹೋಗಿ ಒಂದು ಸಲ ಬ್ಯಾಗ್ ಬದಲಿಸುವುದನ್ನು ನೋಡಿ ಬರುವುದು ನಮ್ಮ ಪದ್ಧತಿ. ಅದನ್ನು ನಾನು ಮೊದಲೇ ಮಾಡಿದ್ದೆ. ಈ ಸಲ ಒಂದು ದಿನವಿಡೀ ಕೂರುತ್ತೇನೆ, ಬಾಯಿ ತೆರೆಯುವುದಿಲ್ಲ ಎಂದು ನಿಶ್ಚಯಿಸಿದೆ. ಪರೀಕ್ಷಕರ ಎದುರು ಯಾರೂ ತಪ್ಪು ಮಾಡುವುದಿಲ್ಲ. ನಾನು ಮನೆಯ ಕುರ್ಚಿ ಮೇಜಿನಂತಾಗುವವರೆಗೆ ಕಾಯಬೇಕು. ಮೇಲಿನವರಿಗೆ ಹೇಳಿ ಒಪ್ಪಿಸಿದೆ. ಬಾಯಿ ಮುಚ್ಚಿಕೊಂಡಿರುವುದು ಮಾತ್ರ ನನ್ನ ಪಾಲಿಗೆ ತಪಸ್ಸೇ.

ಹೇಸ್‌ನ ಸಾಲುಮನೆ ಅದು. ಹಜಾರದ ಗೋಡೆಯುದ್ದಕ್ಕೂ ದ್ರಾವಣದ ರಟ್ಟಿನ ಪೆಟ್ಟಿಗೆಗಳು. ಮಹಡಿಯ ಚಿಕ್ಕ ಕೋಣೆಯನ್ನು ಇದಕ್ಕೆಂದೇ ಬಿಟ್ಟಿದ್ದರು. ಅದರ ಬಾಗಿಲ ಚೌಕಟ್ಟಿಗೆ, ಎದೆಯ ಎತ್ತರದಲ್ಲಿ, ಒಂದು ಪಿಂಗಾಣಿಯ ಪುಟ್ಟ ತೀರ್ಥದ ಬಟ್ಟಲು. ಒಳಗೆ ಚೂರು ಸ್ಪಂಜು. ನಮ್ಮ ಮನೆಗಳಲ್ಲಿ ಬಾಗಿಲ ಬಳಿ ಇರುವಂಥದೇ. ಬೆರಳು ಅದ್ದಿ ಶಿಲುಬೆಯ ಗುರುತು ಮಾಡಿ ಒಳಗೆ ಹೋಗುತ್ತೇವೆ. ಕಾಯಿಲೆ ಬಂದ ಮೇಲೆ ಆಂಟಿ ಅದನ್ನು ಮುಂಬಾಗಿಲಿನಿಂದ ಈ ಕೋಣೆಗೆ ತಂದಿದ್ದರು. ಮೊದಲ ಭೇಟಿಯಲ್ಲಿ ನಾನೇ ಅದನ್ನು ನೋಡಿ, ಚೆನ್ನಾಗಿದೆ ಆಂಟಿ, ಅಂದಿದ್ದೆ.

ಬೆಳಗಿನ ಬ್ಯಾಗ್ ಸರಿಯಾಗಿತ್ತು. ಮಧ್ಯಾಹ್ನದ್ದೂ. ಪುಸ್ತಕ ಬರೆದವರೇ ಬಂದು ಮಾಡಿದಂತೆ. ಊಟಕ್ಕೆ ಮೀನಿನ ಸಾರು, ಕುಚ್ಚಲಕ್ಕಿ ಅನ್ನ. ಅಂಕಲ್ ರೇಡಿಯೋ ಹಚ್ಚಿಕೊಂಡು ತೂಕಡಿಸಿದರು. ಆಂಟಿ ಬಟ್ಟೆ ಇಸ್ತ್ರಿ ಮಾಡುತ್ತ ರೇನರ್ಸ್ ಲೇನಿನ ಅಂಗಡಿಯ ಬಾಳೆಹಣ್ಣಿನ ಬಗ್ಗೆ ದೂರು ಹೇಳಿದರು. ನಾಲ್ಕೂವರೆಗೆ ಮೂರನೆಯ ಬ್ಯಾಗಿನ ಹೊತ್ತಾಯಿತು. ಅಷ್ಟು ಹೊತ್ತಿಗೆ ನಾನು ಅತಿಥಿಯಾಗಿ ಉಳಿದಿರಲಿಲ್ಲ.

ಆಂಟಿ ಬಚ್ಚಲಲ್ಲಿ ಮೂರು ನಿಮಿಷ ಕೈ ತೊಳೆದರು. ನಾನೂ ಪಕ್ಕದಲ್ಲಿ ತೊಳೆದೆ. ಅವರು ಪೇಪರ್ ಟವೆಲಿನಲ್ಲಿ ಒರೆಸಿ, ಮೊಣಕೈಯಿಂದ ನಲ್ಲಿ ಮುಚ್ಚಿ, ಭುಜದಿಂದ ಕೋಣೆಯ ಬಾಗಿಲು ತಳ್ಳಿ, ಹೊಸ್ತಿಲಲ್ಲಿ ಎರಡು ಬೆರಳು ಬಟ್ಟಲಿಗೆ ಅದ್ದಿ, ಹಣೆ, ಎದೆ, ಭುಜ ಮುಟ್ಟಿಕೊಂಡು ಒಳಗೆ ಹೋದರು. ಅವರ ಹಿಂದೆಯೇ ನಾನೂ ಎರಡು ಬೆರಳು ಅದ್ದಿದೆ.

ಹಣೆಯವರೆಗೆ ಹೋದ ನನ್ನ ಕೈ ಅಲ್ಲೇ ನಿಂತಿತು. ಬೆರಳು ಒದ್ದೆಯಾಗಿತ್ತು, ಸ್ವಲ್ಪ ಜಿಗುಟಾಗಿತ್ತು. ಆಗಷ್ಟೇ ತೊಳೆದ ಕೈ. ಹದಿನೈದು ವರ್ಷದಿಂದ ಕೈ ತೊಳೆಯುವುದನ್ನು ಕಲಿಸುತ್ತಿದ್ದವಳ ಕೈ. ಬೇರೆ ಯಾವ ನರ್ಸ್ ಬಂದಿದ್ದರೂ ಮೊದಲ ದಿನವೇ, ಇದೇನಿದು, ಎಂದು ಕೇಳುತ್ತಿದ್ದಳು. ನನಗೆ ಅದು ಕಂಡೇ ಇರಲಿಲ್ಲ, ಏಕೆಂದರೆ ಅದು ನನ್ನ ಮನೆಯ ಹಾಗೇ ಇತ್ತು.

"ಆಂಟಿ, ಒಂದ್ನಿಮಿಷ. ಏನನ್ನೂ ಮುಟ್ಟಬೇಡಿ," ಎಂದೆ.

ಮತ್ತೆ ಕೈ ತೊಳೆಸಿ, ಆ ಬ್ಯಾಗ್ ಮುಗಿಸಿದ ಮೇಲೆ ಕೇಳಿದೆ: ಈ ನೀರನ್ನು ಎಷ್ಟು ದಿನಕ್ಕೊಮ್ಮೆ ಬದಲಿಸುತ್ತೀರಿ?

"ಬದಲಿಸುದುಂಟಾ? ತೀರ್ಥ ಅಲ್ವಾ ಅದು. ಕಡಿಮೆ ಆದ ಹಾಗೆ ಸೇರಿಸುದು."

ಸ್ಪಂಜಿನಿಂದ ಒಂದು ಸ್ಯಾಂಪಲ್ ತೆಗೆದುಕೊಂಡು ಹೋದೆ. ಲ್ಯಾಬಿನ ಉತ್ತರ ಮೂರು ದಿನಕ್ಕೆ ಬಂತು. ಅದೇ ಕೀಟಾಣು.

"ಬಟ್ಟಲು ತೆಗೆಸಿಬಿಡಿ, ಮುಗಿಯಿತಲ್ಲ," ಎಂದರು ಕನ್ಸಲ್ಟೆಂಟ್. ಅವರು ಹೇಳಿದ್ದು ತಪ್ಪಲ್ಲ. ಆದರೆ ಆ ಬಟ್ಟಲಿಲ್ಲದೆ ಆಂಟಿ ಆ ಕೋಣೆಯೊಳಗೆ ಧೈರ್ಯವಾಗಿ ಕಾಲಿಡಲಾರರು ಎಂದು ನನಗೆ ಗೊತ್ತಿತ್ತು. "ತೆಗೆಸುವುದಿಲ್ಲ ಡಾಕ್ಟರ್, ಜಾಗ ಬದಲಿಸುತ್ತೇನೆ," ಎಂದೆ. ಬಚ್ಚಲ ಬಾಗಿಲ ಹೊರಗೆ ಇಟ್ಟರಾಯಿತು. ಮೊದಲು ಪ್ರಾರ್ಥನೆ, ಆಮೇಲೆ ಸೋಪು. ವಾರಕ್ಕೊಮ್ಮೆ ತೀರ್ಥವನ್ನು ಗಿಡದ ಬುಡಕ್ಕೆ ಹುಯ್ದು, ಬಟ್ಟಲನ್ನು ಕುದಿಸಿ, ಹೊಸದು ತುಂಬುವುದು. ಸ್ಪಂಜು ಬೇಡ. ಹಳೆಯ ಸ್ಪಂಜನ್ನು ಕಸಕ್ಕೆ ಹಾಕುವಂತಿಲ್ಲವಲ್ಲ, ಹಿತ್ತಿಲ ಗುಲಾಬಿಯ ಕೆಳಗೆ ಅಂಕಲೇ ಹೂತರು.

ಇಷ್ಟು ಸುಲಭವಾಗಿ ಮುಗಿಯಿತು ಎಂದುಕೊಂಡೆ. ಆಂಟಿಗೆ ವಿಷಯವನ್ನು ಆದಷ್ಟು ಮೆತ್ತಗೆ ಹೇಳಿದೆ. ನಾನೂ ಬೆರಳು ಅದ್ದಿದೆ ಎಂದೆ, ಮೊದಲ ಭೇಟಿಯಲ್ಲೇ ನೋಡಬೇಕಾಗಿದ್ದವಳು ನಾನು, ತಪ್ಪು ನನ್ನದು ಎಂದೆ, ಫೋನಿನಲ್ಲಿ ಅಂದದ್ದಕ್ಕೆ ಕ್ಷಮೆ ಕೇಳಿದೆ. ಅವರು ಯಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು.

"ದಿನಕ್ಕೆ ನಾಲ್ಕು ಸಲ ಪ್ರಾರ್ಥನೆ ಮಾಡಿ ಮಾಡಿ ಇವರ ಹೊಟ್ಟೆಗೆ ನಾನೇ ಹಾಕಿದ್ದಾ ಸಿಸ್ಟರ್?"

ಅಂದಿನಿಂದ ಅವರು ಬ್ಯಾಗ್ ಮುಟ್ಟಲಿಲ್ಲ. ನಡುಕವೇ ಇಲ್ಲದ ಕೈ ಈಗ ಕ್ಲಿಪ್ ಹಿಡಿದರೆ ಗಡಗಡ ಎನ್ನುತ್ತಿತ್ತು. ಮನೆಗೆ ಬಂದು ಬ್ಯಾಗ್ ಬದಲಿಸುವ ನರ್ಸ್ ಒಬ್ಬರನ್ನು ತಾತ್ಕಾಲಿಕವಾಗಿ ಗೊತ್ತುಮಾಡಿದೆವು. ಲಂಡನ್ನಿನಲ್ಲಿ ಅದು ನಡೆಯುತ್ತದೆ, ಕುದ್ರುಗಳ ನಡುವೆ ನಡೆಯುತ್ತದೆಯೇ? ಒಮ್ಮೆ ಕ್ಲಿನಿಕ್ಕಿನಲ್ಲಿ ಅಂಕಲ್ ಮೆಲ್ಲಗೆ ಕೇಳಿದರು, "ಟಿಕೆಟ್ ವಾಪಸ್ ಮಾಡುದಾ?"

ಅಕ್ಟೋಬರಿನಲ್ಲಿ ನನಗೆ ಹೊಳೆದದ್ದು ಕೆನಾಲು. ಹೇಸ್‌ನ ಮಧ್ಯೆಯೇ ಹರಿಯುತ್ತದಲ್ಲ. ಹಿರಿಯರ ಸಂಘವೊಂದು ಬಾಡಿಗೆಗೆ ಕೊಡುತ್ತಿದ್ದ ಉದ್ದನೆಯ, ಅಗಲ ಕಿರಿದಾದ, ಮೇಲೆ ಮುಚ್ಚಿದ ದೋಣಿಯನ್ನು ಚಾಲಕನ ಸಮೇತ ಒಂದು ದಿನಕ್ಕೆ ಹಿಡಿದೆ. ದೋಣಿಯಲ್ಲಿ ಕೊಕ್ಕೆ ಎಲ್ಲಿ ಸಿಗುತ್ತದೆ, ನೀರು ಇಳಿಯುತ್ತದೆಯೇ, ಸುಮ್ಮನೆ ನೋಡಿ ಬರೋಣ ಎಂದೆ. ನನಗೆ ಅಂದು ರಜೆ. ರಜೆಯ ದಿನ ಚಿಕಿತ್ಸೆಯ ಕೆಲಸಕ್ಕೆ ಕೈ ಹಾಕಬಾರದೆಂದು ಆಸ್ಪತ್ರೆಯವರು ಕಡ್ಡಾಯವಾಗಿ ಹೇಳಿದ್ದರು. ಅದನ್ನು ಇಬ್ಬರಿಗೂ ಮೊದಲೇ ತಿಳಿಸಿದೆ. ಎರಡನೆಯ ಬ್ಯಾಗ್ ಸ್ವಲ್ಪ ತಡವಾದರೂ ಅಪಾಯವಿಲ್ಲ, ಮನೆಗೆ ಹೋದ ಮೇಲೆ ನರ್ಸ್ ಮಾಡುತ್ತಾರೆ. ಆದರೂ ಒಂದು ಬ್ಯಾಗನ್ನು ಬಿಸಿ ಮಾಡಿ, ಕಂಬಳಿಯಲ್ಲಿ ಸುತ್ತಿ ತಂದಿಟ್ಟುಕೊಂಡಿದ್ದೆ.

"ಇದೆಂತ ಹೊಳೆ, ಗದ್ದೆ ಬದಿಯ ತೋಡು!" ಅಂದರು ಆಂಟಿ, ದೋಣಿ ಹತ್ತುತ್ತಲೇ. ಅಷ್ಟು ದಿನಗಳ ಮೇಲೆ ಅವರ ಬಾಯಲ್ಲಿ ಬಂದ ಮೊದಲ ಜೀವಂತ ಮಾತು ಅದು.

ದೋಣಿ ನಡೆದುಕೊಂಡು ಹೋಗುವವರ ವೇಗದಲ್ಲಿ ಸಾಗಿತು. ಗೋದಾಮುಗಳ ಹಿಂಭಾಗ, ನೀರಿನಲ್ಲಿ ಅರ್ಧ ಮುಳುಗಿದ ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿ, ಬಾತುಕೋಳಿಗಳು. ಹನ್ನೆರಡಾಯಿತು. ಚಾಲಕ ದೋಣಿಯನ್ನು ದಡಕ್ಕೆ ಕಟ್ಟಿ ಸ್ಯಾಂಡ್‌ವಿಚ್ ತಿನ್ನಲು ಇಳಿದ. ಅಂಕಲ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ನನ್ನ ಕೈ ತುರಿಸುತ್ತಿತ್ತು. ಅರ್ಧ ಗಂಟೆಯಲ್ಲಿ ಮುಗಿಸಿಬಿಡಬಲ್ಲೆ, ಯಾರಿಗೆ ತಿಳಿಯುತ್ತದೆ? ಆದರೆ ಇಲ್ಲಿ ನಾನು ಮಾಡಿದರೆ ಈ ಹೆಂಗಸು ಮತ್ತೆಂದೂ ಮಾಡುವುದಿಲ್ಲ ಎಂದು ಮನಸ್ಸು ಹೇಳುತ್ತಿತ್ತು. ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಅದರ ಮೇಲೆ ಕೂತೆ. ಮಾಡಿ ಎನ್ನಲಿಲ್ಲ, ಧೈರ್ಯ ತುಂಬಲಿಲ್ಲ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ.

ಆಂಟಿ ನನ್ನನ್ನು ನೋಡಿದರು. ಕಂಬಳಿಯ ಗಂಟನ್ನು ನೋಡಿದರು. ಗಂಡನ ಬೆನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಣ ಕೈಯಿಂದಲೇ ಶಿಲುಬೆಯ ಗುರುತು ಮಾಡಿ ಎದ್ದರು.

"ಕಿಟಕಿ ಮುಚ್ಚಿ," ಅಂದರು ನನಗೆ.

ಮುಚ್ಚಿದೆ. ಕೈ ತೊಳೆದರು, ಒರೆಸಿದರು, ಸ್ಪಿರಿಟ್ ಜೆಲ್ ಹಚ್ಚಿ ಒಣಗಿಸಿದರು. ಜೋಡಿಸುವಾಗ ಬೆರಳು ಒಮ್ಮೆ ನಡುಗಿತು. ನಿಲ್ಲಿಸಿ, ಉಸಿರು ತೆಗೆದುಕೊಂಡು, ಮತ್ತೆ ಜೋಡಿಸಿದರು. ನೀರು ಮಾತ್ರ ಇಳಿಯಲೊಲ್ಲದು. ಬೆಂಚು ತೀರ ತಗ್ಗು, ನೆಲದ ಮೇಲಿನ ಬ್ಯಾಗ್ ಹೊಟ್ಟೆಯಿಂದ ಒಂದಡಿಯೂ ಕೆಳಗಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಆಂಟಿ ಗಂಡನಿಗೆ, "ನೀವು ಏಳಿ. ಮೇಲೆ ಕೂತ್ಕೊಳ್ಳಿ," ಎಂದು ಲೈಫ್ ಜಾಕೆಟ್ಟಿನ ಪೆಟ್ಟಿಗೆಯನ್ನು ಕಾಲಿನಿಂದಲೇ ತಳ್ಳಿ ಕೊಟ್ಟರು. ನೀರು ಸರಾಗವಾಗಿ ಇಳಿಯಿತು. ಮುಗಿದ ಮೇಲೆ ಬ್ಯಾಗನ್ನು ಚಾಲಕನ ಪತ್ರಿಕೆಯ ಮೇಲಿಟ್ಟು ಬಗ್ಗಿ, ಇಂಗ್ಲಿಷಿನ ಒಂದು ಸಾಲನ್ನು ತಡೆತಡೆದು ಓದಿದರು. ಫುಟ್‌ಬಾಲಿನ ಸುದ್ದಿ. ಅಂಕಲ್ ಅಳುತ್ತಿದ್ದರು. ನಾನೂ ಅಷ್ಟೇ, ಮುಚ್ಚಿಡುವುದೇಕೆ.

ಡಿಸೆಂಬರಿನಲ್ಲಿ ಅವರು ಹೋದರು. ನನಗೆ ಬಂದದ್ದು ಚಾರ್ಟು ಮಾತ್ರ. ಪ್ರತಿ ಬ್ಯಾಗಿಗೂ ಒಂದು ಸಾಲು: ಸಮಯ, ಹೊರಬಂದ ಅಳತೆ, ತಿಳಿಯೋ ಮಬ್ಬೋ, ಕೊನೆಯಲ್ಲಿ ತೊಂದರೆಗಳೇನಾದರೂ ಇದ್ದರೆ ಬರೆಯಲು ಜಾಗ. ಜನವರಿಯ ಕ್ಲಿನಿಕ್ಕಿನಲ್ಲಿ ಕನ್ಸಲ್ಟೆಂಟ್ ಹಾಳೆ ತಿರುಗಿಸುತ್ತ ಒಂದು ದಿನದ ಬಳಿ ನಿಂತರು. ತೊಂದರೆಯ ಅಂಕಣ ತುಂಬಿ, ಅಂಚಿಗೂ ಹಬ್ಬಿ, ಹಾಳೆಯ ಹಿಂಬದಿಗೂ ಹೋಗಿತ್ತು. ಎಲ್ಲ ಕನ್ನಡ, ಆಂಟಿಯ ದುಂಡನೆಯ ಅಕ್ಷರ.

"ಇಷ್ಟೊಂದು ತೊಂದರೆಗಳೇ?" ಎಂದು ಅವರು ಗಾಬರಿಯಾದರು.

"ಓದಿ ಹೇಳುತ್ತೇನೆ," ಎಂದೆ.

ಬೆಳಿಗ್ಗೆ ಆರೂವರೆ. ಮನೆಯಲ್ಲಿ. ತಿಳಿ. ತೊಂದರೆ ಇಲ್ಲ.

ಹನ್ನೊಂದೂಕಾಲು. ದೋಣಿಯಲ್ಲಿ. ತಿಳಿ. ಬ್ಯಾಗ್ ಬಿಸಿ ಮಾಡಬೇಕಾಗಲಿಲ್ಲ, ಬಿಸಿಲೇ ಹದ ಮಾಡಿತು. ತೆಂಗಿನ ನೆರಳಲ್ಲಿ ದೋಣಿ ಕಟ್ಟಿ, ಗಾಳಿ ಬಾರದ ಹಾಗೆ ಸುತ್ತ ಟರ್ಪಾಲು ಇಳಿಸಿದೆವು. ಇವರನ್ನು ಅಕ್ಕಿ ಮುಡಿಯ ಮೇಲೆ ಎತ್ತರಕ್ಕೆ ಕೂರಿಸಿದೆ. ಯಾಕೆ ನಿಂತದ್ದು ಎಂದು ಕುದ್ರಿನವರು ಬಂದು ಕೇಳಿದರು, ಎಳನೀರು ತಂದರು. ಇವರಿಗೆ ಒಂದು ಗುಟುಕು ಮಾತ್ರ ಕೊಟ್ಟೆ, ಹೆಚ್ಚು ಕೊಟ್ಟರೆ ನೀವು ಬೈತೀರಿ.

ಮೂರು ಐವತ್ತು. ದೋಣಿಯಲ್ಲಿ. ತಿಳಿ. ಹೆಂಗಸರು ಸೊಂಟದ ನೀರಿನಲ್ಲಿ ನಿಂತು ಚಿಪ್ಪು ಹೆಕ್ಕುತ್ತಿದ್ದರು. ನಮ್ಮ ಕುದ್ರಿನ ಎದುರೇ ಬ್ಯಾಗ್ ಬದಲಿಸಿದ್ದು. ಅರ್ಧ ಗಂಟೆ ಅಲ್ಲೇ ನಿಂತೆವು. ಇವರಿಗೆ ದೂರದ್ದು ಕಾಣುವುದಿಲ್ಲ, ನಾನು ಹೇಳುತ್ತ ಹೋದೆ.

ನಾಲ್ಕನೆಯದು ರಾತ್ರಿ, ಮನೆಯಲ್ಲಿ. ಅದರ ಎದುರಿನ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡೆ. ಡಾಕ್ಟರಿಗೆ, "ತೊಂದರೆ ಇಲ್ಲ," ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದೆ. ಆಂಟಿ ಬರೆದದ್ದು ಹೀಗಿತ್ತು:

ತಿಳಿ. ವಾಪಸು ಬರುವಾಗ ನೀರು ಇಳಿಯುತ್ತಿತ್ತು. ದೋಣಿಯವನು ಬೇಗ ಹೋಗುವ ಅಂದ. ಇವರು, ನಿಧಾನ ಹೋಗು, ಕೂತರೆ ಕೂರಲಿ, ಅಂದರು. ನನ್ನನ್ನು ಹಿಂದಕ್ಕೆ ಮುಖ ಮಾಡಿ ಕೂರಿಸಿದರು. ದೋಣಿ ಅಲುಗಿದರೆ ಅಲುಗಲಿ, ನೀನು ನೋಡು, ಅಂದರು. ನೋಡಿದೆ.